ಸೆಗ್ಮೆಂಟ್ ಮಾಡಿದ ಎಂಆರ್‌ಐ ಚಿತ್ರದಿಂದ ಮೆದುಳಿನ ಭಾಗಗಳ ಘನಫಲ ಅಳೆಯುವ ಕ್ರಮ

ಮೆದುಳಿನ ಎಂಆರ್‌ಐ ಚಿತ್ರವನ್ನು ಸೆಗ್ಮೆಂಟ್ ಮಾಡಿ, ಅಂದರೆ ಭಾಗ ಭಾಗವಾಗಿ ವಿಂಗಡಿಸಿ, ಪ್ರತಿಯೊಂದು ವಾಕ್ಸೆಲ್‌ಗೂ (ಮೂರು ಆಯಾಮದ ಚಿತ್ರದ ಅತಿ ಚಿಕ್ಕ ಇಟ್ಟಿಗೆಯಾಕಾರದ ತುಣುಕಿಗೂ) ಇದು ಹಿಪೊಕ್ಯಾಂಪಸ್ (ನೆನಪಿಗೆ ಸಂಬಂಧಿಸಿದ ಭಾಗ), ಇದು ಥಲಾಮಸ್ (ಮೆದುಳಿನ ಆಳದ ಬೂದು ಭಾಗ), ಇದು ವೆಂಟ್ರಿಕಲ್ (ದ್ರವ ತುಂಬಿದ ಕುಳಿ) ಎಂದು ಗುರುತು ಹಚ್ಚಿದ ಮೇಲೆ ಘನಫಲ ಕಂಡುಹಿಡಿಯುವುದು ಗಣಿತದ ಮಟ್ಟಿಗೆ ಒಂದೇ ಸಾಲಿನ ಕೆಲಸ: ಆ ಗುರುತಿರುವ ವಾಕ್ಸೆಲ್‌ಗಳನ್ನು ಎಣಿಸಿ, ಒಂದು ವಾಕ್ಸೆಲ್‌ನ ಘನಫಲದಿಂದ ಗುಣಿಸಬೇಕು. ಶಾಲೆಯಲ್ಲಿ ಗ್ರಾಫ್ ಹಾಳೆಯ ಮೇಲೆ ಎಲೆಯನ್ನಿಟ್ಟು, ಸುತ್ತ ಗೆರೆ ಎಳೆದು, ಒಳಗೆ ಬಿದ್ದ ಚೌಕಗಳನ್ನು ಎಣಿಸಿ ವಿಸ್ತೀರ್ಣ ಹೇಳುತ್ತಿದ್ದ ಪಾಠವೇ ಇಲ್ಲಿ ಮೂರು ಆಯಾಮಗಳಲ್ಲಿ ನಡೆಯುತ್ತದೆ. ಅಲ್ಲಿ ತಲೆನೋವು ಕೊಡುತ್ತಿದ್ದದ್ದು ಅಂಚಿನ ಅರೆಬರೆ ಚೌಕಗಳು; ಇಲ್ಲಿಯೂ ಅಷ್ಟೇ. ಎಣಿಕೆಯಲ್ಲಿ ಯಾವ ಸಾಫ್ಟ್‌ವೇರ್ ಕೂಡ ತಪ್ಪುವುದಿಲ್ಲ. ತಪ್ಪು ಹುಟ್ಟುವುದು ಎಣಿಕೆಗೆ ಮೊದಲು, ಅಂದರೆ ವಾಕ್ಸೆಲ್‌ನ ಅಳತೆಯಲ್ಲಿ, ಗುರುತಿನ ಸಂಖ್ಯೆಯಲ್ಲಿ ಮತ್ತು ಅಂಚಿನಲ್ಲಿ. ಇಲ್ಲವೇ ಎಣಿಕೆಯ ನಂತರ, ಒಂದು ಸಂಖ್ಯೆಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ಹೋಲಿಸುವಾಗ. ಈ ಲೇಖನದ ಹೆಚ್ಚಿನ ಭಾಗ ಆ ಎರಡು ಜಾಗಗಳಿಗೇ ಮೀಸಲಾಗಿದೆ.

ಲೇಖನವು ಸಂಶೋಧನೆಗಾಗಿ ಇಂಥ ಅಳತೆಗಳನ್ನು ಮಾಡುವ ವಿದ್ಯಾರ್ಥಿಗಳನ್ನು ಮತ್ತು ತಂತ್ರಜ್ಞರನ್ನು ಉದ್ದೇಶಿಸಿದೆ. ಇಲ್ಲಿ ಹೇಳಿರುವ ಕ್ರಮದಿಂದ ಬಂದ ಒಂದು ಸಂಖ್ಯೆಯನ್ನು ಹಿಡಿದು ಯಾರಿಗೂ ರೋಗ ನಿರ್ಣಯ ಮಾಡಲಾಗದು.

ಮೊದಲು ಚಿತ್ರವನ್ನು ಕಣ್ಣಿನಿಂದ ನೋಡಿ

ಘನಫಲದ ಅಳತೆಗೆ ಸಾಮಾನ್ಯವಾಗಿ ಬಳಸುವುದು ಮೂರು ದಿಕ್ಕಿನಲ್ಲೂ ಸುಮಾರು 1 ಮಿ.ಮೀ. ಅಳತೆಯ ವಾಕ್ಸೆಲ್ ಇರುವ, ಟಿ1 ಬಗೆಯ ಮೂರು ಆಯಾಮದ ಸ್ಕ್ಯಾನ್. ಇದರಲ್ಲಿ ಬೂದು ಭಾಗ, ಬಿಳಿ ಭಾಗ ಮತ್ತು ಮೆದುಳು-ಬಳ್ಳಿಯ ದ್ರವ ಮೂರೂ ಬೇರೆ ಬೇರೆ ಛಾಯೆಯಲ್ಲಿ ಕಾಣುತ್ತವೆ. ಸೆಗ್ಮೆಂಟೇಶನ್ ಕಡತವನ್ನು ತೆರೆಯುವ ಮೊದಲು ಮೂಲ ಸ್ಕ್ಯಾನನ್ನು ತೆರೆದು, ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಸಾವಕಾಶವಾಗಿ ನೋಡಬೇಕು. ತಲೆ ಅಲುಗಾಡಿದ್ದರೆ ಅಂಚುಗಳ ಸುತ್ತ ಅಲೆಅಲೆಯಾದ ಗೆರೆಗಳು ಕಾಣುತ್ತವೆ. ಇದು ಕೇವಲ ಅಂದದ ಪ್ರಶ್ನೆಯಲ್ಲ. ಅಲುಗಾಟವಿರುವ ಸ್ಕ್ಯಾನಿನಲ್ಲಿ ಬೂದು ಭಾಗದ ಘನಫಲ ಇರುವುದಕ್ಕಿಂತ ಕಡಿಮೆಯಾಗಿ ಅಳೆಯಲ್ಪಡುತ್ತದೆ. ವಯಸ್ಸಾದವರು ಮತ್ತು ರೋಗಿಗಳು ಹೆಚ್ಚಾಗಿ ಅಲುಗಾಡುವುದರಿಂದ, ಕೇವಲ ಅಲುಗಾಟವೇ ಎರಡು ಗುಂಪುಗಳ ನಡುವೆ ಇಲ್ಲದ ವ್ಯತ್ಯಾಸವನ್ನು ಹುಟ್ಟಿಸಬಲ್ಲದು. ಚಿತ್ರದ ಛಾಯೆ ಬದಲಿಸುವ ಗ್ಯಾಡೊಲಿನಿಯಂ ಚುಚ್ಚುಮದ್ದು ಕೊಟ್ಟ ಮೇಲೆ ತೆಗೆದ ಸ್ಕ್ಯಾನೋ ಅದಕ್ಕೆ ಮೊದಲಿನದೋ ಎಂಬುದನ್ನೂ ಇಲ್ಲಿಯೇ ಗುರುತಿಸಿಕೊಳ್ಳಿ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬಾರದು. ಹಣೆಯ ಕಡೆ ಒಂದು ಹೊಳಪು, ಹಿಂದಲೆಯ ಕಡೆ ಇನ್ನೊಂದು ಹೊಳಪು ಇದ್ದರೆ ಅದು ಕಾಯಿಲ್‌ನಿಂದ (ಯಂತ್ರದಲ್ಲಿ ಸಂಕೇತ ಹಿಡಿಯುವ ಸುರುಳಿಯಿಂದ) ಬಂದ ಅಸಮತೆ. 2010ರಲ್ಲಿ ಪ್ರಕಟವಾದ ಎನ್4 ವಿಧಾನದಂಥ ತಿದ್ದುಪಡಿಯನ್ನು ಸೆಗ್ಮೆಂಟೇಶನ್‌ಗೆ ಮೊದಲೇ ಮಾಡಿರಬೇಕು. ಇಂದಿನ ಬಹುತೇಕ ಸಾಫ್ಟ್‌ವೇರ್‌ಗಳು ಇಂಥದೊಂದು ತಿದ್ದುಪಡಿಯನ್ನು ತಾವಾಗಿಯೇ ಮಾಡಿಕೊಳ್ಳುತ್ತವೆ.

ವಾಕ್ಸೆಲ್‌ನ ನಿಜವಾದ ಅಳತೆ

ಎರಡನೆಯ ಹೆಜ್ಜೆ, ಒಂದು ವಾಕ್ಸೆಲ್ ಎಷ್ಟು ದೊಡ್ಡದು ಎಂದು ತಿಳಿಯುವುದು. ನಿಫ್ಟಿ ಎಂಬ ಬಗೆಯ ಚಿತ್ರ-ಕಡತದ ಹೆಡರ್‌ನಲ್ಲಿ (ಆರಂಭದ ಮಾಹಿತಿ ಭಾಗದಲ್ಲಿ) ಮೂರು ದಿಕ್ಕಿನ ಅಳತೆಗಳೂ ಇರುತ್ತವೆ. ಆ ಮೂರನ್ನು ಗುಣಿಸಿದರೆ ಒಂದು ವಾಕ್ಸೆಲ್‌ನ ಘನಫಲ ಸಿಗುತ್ತದೆ. ಉದಾಹರಣೆಗೆ, ವಾಕ್ಸೆಲ್‌ನ ಅಳತೆ 0.9375, 0.9375 ಮತ್ತು 1.2 ಮಿ.ಮೀ. ಎಂದಿದ್ದರೆ ಅದರ ಘನಫಲ ಸುಮಾರು 1.055 ಘನ ಮಿ.ಮೀ. ಒಂದು ಹಿಪೊಕ್ಯಾಂಪಸ್‌ನಲ್ಲಿ 3300 ವಾಕ್ಸೆಲ್‌ಗಳಿವೆ ಎಂದಾದರೆ ಘನಫಲ ಸುಮಾರು 3480 ಘನ ಮಿ.ಮೀ., ಅಂದರೆ 3.48 ಮಿ.ಲೀ. ‘ಹೇಗೂ 1 ಮಿ.ಮೀ. ಸ್ಕ್ಯಾನ್ ತಾನೇ’ ಎಂದುಕೊಂಡು ಎಣಿಕೆಯನ್ನೇ ಘನಫಲವೆಂದು ಬರೆದುಬಿಟ್ಟರೆ 3300 ಎಂದಾಗುತ್ತದೆ; ವ್ಯತ್ಯಾಸ ಶೇಕಡ 5ಕ್ಕಿಂತ ಹೆಚ್ಚು. ಆಲ್ಝೈಮರ್ ಕಾಯಿಲೆಯಲ್ಲಿ ಹಿಪೊಕ್ಯಾಂಪಸ್ ಒಂದು ವರ್ಷದಲ್ಲಿ ಕುಗ್ಗುವ ಪ್ರಮಾಣವೂ ಸರಿಸುಮಾರು ಅಷ್ಟೇ ಎಂಬುದನ್ನು ನೆನೆದರೆ ಈ ಅಜಾಗರೂಕತೆಯ ತೂಕ ಅರ್ಥವಾಗುತ್ತದೆ.

ಹೆಡರ್‌ನಲ್ಲಿ ಅಳತೆಗಳ ಜೊತೆಗೆ, ವಾಕ್ಸೆಲ್‌ನ ಕ್ರಮಸಂಖ್ಯೆಯನ್ನು ಮಿಲಿಮೀಟರ್ ಸ್ಥಾನಕ್ಕೆ ಬದಲಿಸುವ ಅಫೈನ್ ಮ್ಯಾಟ್ರಿಕ್ಸ್ ಒಂದು ಇರುತ್ತದೆ. ಅದರ ಮೊದಲ ಮೂರು ಸಾಲು ಮತ್ತು ಮೂರು ಕಂಬಗಳ ಡಿಟರ್ಮಿನಂಟ್‌ನ ನಿರಪೇಕ್ಷ ಬೆಲೆಯೂ ವಾಕ್ಸೆಲ್‌ನ ಘನಫಲವೇ. ಎರಡೂ ಒಂದೇ ಬರಬೇಕು. ಬರದಿದ್ದರೆ ಯಾರೋ ಚಿತ್ರವನ್ನು ಮಧ್ಯದಲ್ಲಿ ಬದಲಿಸಿ ಹೆಡರ್‌ನ ಒಂದು ಭಾಗವನ್ನಷ್ಟೇ ತಿದ್ದಿದ್ದಾರೆ ಎಂದರ್ಥ. ಅಂಥ ಕಡತವನ್ನು ಅಲ್ಲಿಗೇ ನಿಲ್ಲಿಸಿ, ಸ್ಕ್ಯಾನ್ ಯಂತ್ರ ಕೊಡುವ ಮೂಲ ಡೈಕಾಮ್ ಕಡತಗಳಿಂದ ಮತ್ತೆ ಪರಿವರ್ತಿಸುವುದು ಒಳ್ಳೆಯದು. ಉದ್ದದ ಮಾನ ಮಿಲಿಮೀಟರ್ ಹೌದೋ ಅಲ್ಲವೋ ಎಂಬುದನ್ನೂ ನೋಡಿಕೊಳ್ಳಿ. ಪ್ರಾಣಿಗಳ ಮೆದುಳಿನ ಅತಿ ಸೂಕ್ಷ್ಮ ಸ್ಕ್ಯಾನ್‌ಗಳಲ್ಲಿ ಈ ಗೊಂದಲ ಆಗಾಗ ಬರುತ್ತದೆ.

ಡೈಕಾಮ್‌ನಿಂದ ನೇರವಾಗಿ ಕೆಲಸ ಮಾಡುವವರಿಗೆ ಇನ್ನೊಂದು ಗುಂಡಿ ಕಾದಿದೆ. ಹಳೆಯ ಮಾದರಿಯ ಎರಡು ಆಯಾಮದ ಸ್ಕ್ಯಾನ್‌ಗಳಲ್ಲಿ ಪದರದ ದಪ್ಪ ಬೇರೆ, ಒಂದು ಪದರದ ನಡುವಿನಿಂದ ಮುಂದಿನ ಪದರದ ನಡುವಿನವರೆಗಿನ ದೂರ ಬೇರೆ. ದಪ್ಪ 5 ಮಿ.ಮೀ., ಪದರಗಳ ನಡುವೆ 1 ಮಿ.ಮೀ. ತೆರಪು ಎಂದಿದ್ದರೆ ಘನಫಲಕ್ಕೆ ಹಿಡಿಯಬೇಕಾದ ಅಳತೆ 6 ಮಿ.ಮೀ. ದಪ್ಪವನ್ನೇ ಹಿಡಿದರೆ ಉತ್ತರ ಆರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. 17ನೆಯ ಶತಮಾನದ ಇಟಲಿಯ ಗಣಿತಜ್ಞ ಬೊನಾವೆಂಚುರಾ ಕವಲಿಯೇರಿಯ ಹೆಸರಿನಲ್ಲಿರುವ ತತ್ತ್ವ ಇಲ್ಲಿ ಕೆಲಸ ಮಾಡುತ್ತದೆ: ಸಮಾನ ಅಂತರದ ಅಡ್ಡಕೊಯ್ತಗಳ ವಿಸ್ತೀರ್ಣಗಳನ್ನು ಕೂಡಿಸಿ ಆ ಅಂತರದಿಂದ ಗುಣಿಸಿದರೆ ಘನಫಲದ ಅಂದಾಜು ಬರುತ್ತದೆ. ಆ ತತ್ತ್ವಕ್ಕೆ ಬೇಕಾದದ್ದು ಅಂತರ, ದಪ್ಪವಲ್ಲ. ಅಂತರವನ್ನು ಅಕ್ಕಪಕ್ಕದ ಪದರಗಳಿಗೆ ಡೈಕಾಮ್ ದಾಖಲಿಸಿರುವ ಸ್ಥಾನಗಳ ವ್ಯತ್ಯಾಸದಿಂದ ತೆಗೆಯುವುದು ಎಲ್ಲಕ್ಕಿಂತ ನಂಬಿಕೆಗೆ ಅರ್ಹವಾದ ಮಾರ್ಗ.

ಯಾವ ಸಂಖ್ಯೆ ಯಾವ ಭಾಗ

ಸೆಗ್ಮೆಂಟೇಶನ್ ಕಡತದಲ್ಲಿ ಭಾಗಗಳ ಹೆಸರುಗಳಿರುವುದಿಲ್ಲ, ಪೂರ್ಣಾಂಕಗಳಿರುತ್ತವೆ. ಹಾರ್ವರ್ಡ್‌ಗೆ ಸೇರಿದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಮಾರ್ಟಿನೋಸ್ ಕೇಂದ್ರದಲ್ಲಿ ಬೆಳೆದ ಫ್ರೀಸರ್ಫರ್ ಎಂಬ ಸೆಗ್ಮೆಂಟೇಶನ್ ಸಾಫ್ಟ್‌ವೇರ್‌ನ ಪದ್ಧತಿಯಲ್ಲಿ ಎಡ ಹಿಪೊಕ್ಯಾಂಪಸ್ 17, ಬಲದ್ದು 53. ಎಡ ಅಮಿಗ್ಡಲಾ 18, ಬಲದ್ದು 54. ಎಡ ಥಲಾಮಸ್ 10, ಬಲದ್ದು 49. ಎಡ ಪಾರ್ಶ್ವ ವೆಂಟ್ರಿಕಲ್ 4, ಬಲದ್ದು 43. ಮೆದುಳಿನ ಕಾಂಡ 16. ಆಕ್ಸ್‌ಫರ್ಡ್‌ನ ಎಫ್‌ಎಸ್‌ಎಲ್ ಸಾಫ್ಟ್‌ವೇರ್‌ನಲ್ಲಿರುವ ಫಸ್ಟ್ ಎಂಬ ಉಪಕರಣವೂ ಆಳದ ಬೂದು ಭಾಗಗಳಿಗೆ ಇದೇ ಸಂಖ್ಯೆಗಳನ್ನು ಬಳಸುತ್ತದೆ. ಆದರೆ ಬೇರೆ ಅಟ್ಲಾಸ್‌ಗಳಲ್ಲಿ (ಮೆದುಳಿನ ಗುರುತು-ನಕ್ಷೆಗಳಲ್ಲಿ) 17 ಎಂದರೆ ಸಂಪೂರ್ಣವಾಗಿ ಬೇರೆ ಭಾಗವಾಗಿರಬಹುದು. ಆದ್ದರಿಂದ ಸಾಫ್ಟ್‌ವೇರ್ ಜೊತೆಗೆ ಬರುವ ಸಂಖ್ಯೆ-ಹೆಸರುಗಳ ಪಟ್ಟಿಯನ್ನು ನಿಮ್ಮ ಫಲಿತಾಂಶದ ಕಡತದ ಪಕ್ಕದಲ್ಲೇ ಉಳಿಸಿಕೊಳ್ಳಿ.

ನಂತರ ಕಡತದಲ್ಲಿ ಯಾವ ಯಾವ ಸಂಖ್ಯೆಗಳಿವೆ ಎಂದು ಪಟ್ಟಿ ಮಾಡಿ. ಪೈಥಾನ್‌ನ ನಿಬೇಬಲ್ ಮತ್ತು ನಮ್‌ಪೈ ಗೊತ್ತಿದ್ದವರಿಗೆ ಇದು ಎರಡು ಸಾಲಿನ ಕೆಲಸ. ಪಟ್ಟಿಯಲ್ಲಿ 16.98 ಅಥವಾ 17.02ರಂಥ ದಶಮಾಂಶಗಳು ಕಂಡರೆ ಎಚ್ಚರವಾಗಬೇಕು. ಎಲ್ಲವೂ ಪೂರ್ಣಾಂಕದ ತೀರ ಹತ್ತಿರವೇ ಇದ್ದರೆ ಕಡತವನ್ನು ಉಳಿಸುವಾಗ ಸೇರಿಕೊಂಡ ಸ್ಕೇಲ್ ಗುಣಕ ಕಾರಣವಿರಬಹುದು. ಪೂರ್ಣಾಂಕಕ್ಕೆ ದುಂಡಾಗಿಸಿದರೆ ಸಾಕು. ದಶಮಾಂಶಗಳು ಎಲ್ಲೆಡೆ ಚೆಲ್ಲಾಡಿದ್ದರೆ ಯಾರೋ ಲೇಬಲ್ ಚಿತ್ರವನ್ನು (ಈ ಗುರುತಿನ ಸಂಖ್ಯೆಗಳ ಚಿತ್ರವನ್ನು) ತಪ್ಪಾಗಿ ಮರುಮಾದರಿ ಮಾಡಿದ್ದಾರೆ, ಅಂದರೆ ಬೇರೆ ವಾಕ್ಸೆಲ್ ಜಾಲಕ್ಕೆ ಹೊಂದಿಸಿದ್ದಾರೆ. ಅದರ ವಿಷಯ ಮುಂದೆ ಬರುತ್ತದೆ.

ಎಡ-ಬಲದ ಗೊಂದಲ ಒಟ್ಟು ಘನಫಲವನ್ನು ಬದಲಿಸುವುದಿಲ್ಲವಾದ್ದರಿಂದಲೇ ಅಪಾಯಕಾರಿ. ಒಂದು ಪದ್ಧತಿಯಲ್ಲಿ ಪರದೆಯ ಎಡಭಾಗ ರೋಗಿಯ ಬಲಭಾಗ, ಇನ್ನೊಂದರಲ್ಲಿ ಎಡವೇ ಎಡ. ಟೆಂಪೊರಲ್ ಲೋಬ್ ಎಪಿಲೆಪ್ಸಿಯಂಥ (ಮೆದುಳಿನ ಪಕ್ಕದ ಹಾಲೆಯಿಂದ ಹುಟ್ಟುವ ಮೂರ್ಛೆರೋಗದಂಥ) ಸಂದರ್ಭದಲ್ಲಿ ಯಾವ ಬದಿಯ ಹಿಪೊಕ್ಯಾಂಪಸ್ ಕುಗ್ಗಿದೆ ಎಂಬುದೇ ಮುಖ್ಯ ಪ್ರಶ್ನೆಯಾಗಿರುವುದರಿಂದ, ಪರದೆಯನ್ನು ನಂಬದೆ ಹೆಡರ್‌ನ ದಿಕ್ಕಿನ ಮಾಹಿತಿಯನ್ನು ನಂಬಬೇಕು. ಸ್ಕ್ಯಾನ್ ಮಾಡುವಾಗ ತಲೆಯ ಒಂದು ಬದಿಗೆ ವಿಟಮಿನ್ ಎಣ್ಣೆಯ ಗುಳಿಗೆಯನ್ನು ಅಂಟಿಸಿ ಗುರುತು ಮಾಡುವ ರೂಢಿ ಇರುವುದು ಈ ಕಾರಣಕ್ಕೇ.

ಎಣಿಕೆ

ಇಲ್ಲಿ ಹೆಚ್ಚು ಹೇಳಲು ಏನೂ ಇಲ್ಲ. ಎಫ್‌ಎಸ್‌ಎಲ್‌ಸ್ಟ್ಯಾಟ್ಸ್ ಆಜ್ಞೆಗೆ ಕೆಳಮಿತಿ 16.5, ಮೇಲ್ಮಿತಿ 17.5 ಎಂದು ಕೊಟ್ಟು ಘನಫಲ ಕೇಳಿದರೆ 17ನೆಯ ಲೇಬಲ್‌ನ ವಾಕ್ಸೆಲ್ ಸಂಖ್ಯೆಯನ್ನೂ ಘನ ಮಿಲಿಮೀಟರ್ ಲೆಕ್ಕವನ್ನೂ ಕೊಡುತ್ತದೆ. ಆಜ್ಞೆ ಬರೆಯುವ ಅಭ್ಯಾಸವಿಲ್ಲದವರು 3ಡಿ ಸ್ಲೈಸರ್‌ನ ‘ಸೆಗ್ಮೆಂಟ್ ಸ್ಟ್ಯಾಟಿಸ್ಟಿಕ್ಸ್’ ವಿಭಾಗವನ್ನೋ ಐಟಿಕೆ-ಸ್ನ್ಯಾಪ್‌ನಲ್ಲಿರುವ ಘನಫಲದ ಪಟ್ಟಿಯನ್ನೋ ಬಳಸಬಹುದು. ಮೊದಲ ಸಲ ಯಾವ ಉಪಕರಣ ಬಳಸಿದರೂ, ಒಂದೇ ಕಡತವನ್ನು ಇನ್ನೊಂದು ಉಪಕರಣದಲ್ಲೂ ಅಳೆದು ನೋಡಿ. ಒಂದೇ ಲೇಬಲ್ ಚಿತ್ರದ ಸರಳ ಎಣಿಕೆಯಲ್ಲಿ ಎರಡು ಉಪಕರಣಗಳು ಬೇರೆ ಬೇರೆ ಉತ್ತರ ಕೊಟ್ಟರೆ ಹೆಡರ್‌ನಲ್ಲಿ ದೋಷವಿದೆ. ಬಂದ ಸಂಖ್ಯೆ ನಂಬುವಂತಿದೆಯೇ ಎಂದು ಅಂದಾಜಿಸಲು ಒಂದು ಹಿಡಿತ ಇರಲಿ: ವಯಸ್ಕರ ತಲೆಬುರುಡೆಯೊಳಗಿನ ಒಟ್ಟು ಘನಫಲ ಸರಾಸರಿ 1400ರಿಂದ 1500 ಮಿ.ಲೀ. ಆಸುಪಾಸು, ಒಂದು ಬದಿಯ ಹಿಪೊಕ್ಯಾಂಪಸ್ ಸಾಮಾನ್ಯವಾಗಿ 3ರಿಂದ 4 ಮಿ.ಲೀ. ಎಂಟು ಮಿ.ಲೀ. ಹಿಪೊಕ್ಯಾಂಪಸ್ ಬಂದರೆ ಎಡ-ಬಲ ಸೇರಿಕೊಂಡಿವೆ, ಇಲ್ಲವೇ ವಾಕ್ಸೆಲ್ ಅಳತೆ ತಪ್ಪಿದೆ.

ಅಂಚಿನ ಲೆಕ್ಕ

ಒಂದು ವಾಕ್ಸೆಲ್‌ನೊಳಗೆ ಅರ್ಧ ಹಿಪೊಕ್ಯಾಂಪಸ್, ಅರ್ಧ ದ್ರವ ಇರಬಹುದು. ಲೇಬಲ್ ಚಿತ್ರ ಅದನ್ನು ಯಾವುದೋ ಒಂದು ಕಡೆಗೆ ಹಾಕಿಬಿಡುತ್ತದೆ. ಇದರ ಪರಿಣಾಮವನ್ನು ಅಂದಾಜಿಸಲು ಒಂದು ಸರಳ ಗೋಲವನ್ನು ತೆಗೆದುಕೊಳ್ಳೋಣ. 9 ಮಿ.ಮೀ. ತ್ರಿಜ್ಯದ ಗೋಲದ ಘನಫಲ ಸುಮಾರು 3054 ಘನ ಮಿ.ಮೀ., ಅಂದರೆ ಒಂದು ಹಿಪೊಕ್ಯಾಂಪಸ್‌ಗೆ ಹತ್ತಿರ. ಅದರ ಅಂಚನ್ನು ಸುತ್ತಲೂ ಅರ್ಧ ಮಿಲಿಮೀಟರ್ ಹೊರಗೆ ಸರಿಸಿದರೆ ಘನಫಲ 3591ಕ್ಕೆ ಏರುತ್ತದೆ. ಶೇಕಡ 17ಕ್ಕೂ ಹೆಚ್ಚು ಏರಿಕೆ. ಅರ್ಧ ಮಿಲಿಮೀಟರ್ ಎಂದರೆ 1 ಮಿ.ಮೀ. ಸ್ಕ್ಯಾನಿನಲ್ಲಿ ಅರ್ಧ ವಾಕ್ಸೆಲ್. ಪರದೆಯ ಮೇಲೆ ಅನುಭವಿ ಕಣ್ಣಿಗೂ ಸುಲಭವಾಗಿ ಕಾಣದ ಅಂತರ. ಗೋಲವಾದರೋ ಅದೇ ಘನಫಲಕ್ಕೆ ಅತಿ ಕಡಿಮೆ ಮೇಲ್ಮೈ ಇರುವ ಆಕಾರ. ಉದ್ದವಾಗಿ ಬಾಗಿರುವ ಹಿಪೊಕ್ಯಾಂಪಸ್‌ಗೆ ಮೇಲ್ಮೈ ಇನ್ನೂ ಹೆಚ್ಚು, ಆದ್ದರಿಂದ ಅಂಚಿನ ತಪ್ಪಿಗೆ ಅದು ತೆರುವ ದಂಡವೂ ಹೆಚ್ಚು. ಚಿಕ್ಕ ಭಾಗಗಳ ಘನಫಲವನ್ನು ಎರಡು ದಶಮಾಂಶ ಸ್ಥಾನದವರೆಗೆ ಬರೆದು ನಿಖರತೆಯ ಭ್ರಮೆ ಹುಟ್ಟಿಸುವ ಪಟ್ಟಿಗಳನ್ನು ಈ ಲೆಕ್ಕದ ಬೆಳಕಿನಲ್ಲಿ ಓದಬೇಕು.

ಈ ತೊಂದರೆಗೆ ಎರಡು ಬಗೆಯ ಪರಿಹಾರಗಳಿವೆ. ಮೊದಲನೆಯದು, ಗಟ್ಟಿ ಲೇಬಲ್ ಬದಲು ಸಂಭವನೀಯತೆಯ ಚಿತ್ರವನ್ನು ಬಳಸುವುದು. ಲಂಡನ್‌ನಲ್ಲಿ ಬೆಳೆದ ಎಸ್‌ಪಿಎಂ ಸಾಫ್ಟ್‌ವೇರ್ ಬೂದು ಭಾಗ, ಬಿಳಿ ಭಾಗ ಮತ್ತು ದ್ರವಗಳಿಗೆ 0ಯಿಂದ 1ರವರೆಗಿನ ಬೆಲೆಗಳಿರುವ ಪ್ರತ್ಯೇಕ ಚಿತ್ರಗಳನ್ನು ಕೊಡುತ್ತದೆ. ಇಲ್ಲಿ ಎಣಿಸುವ ಬದಲು ಎಲ್ಲ ಬೆಲೆಗಳನ್ನೂ ಕೂಡಿಸಿ ವಾಕ್ಸೆಲ್ ಘನಫಲದಿಂದ ಗುಣಿಸಬೇಕು, 0.4 ಬೆಲೆಯ ವಾಕ್ಸೆಲ್ 0.4 ಪಾಲನ್ನಷ್ಟೇ ಸೇರಿಸುತ್ತದೆ. 0.5ರ ಮಿತಿ ಹಾಕಿ ಎಣಿಸಿದರೆ ಬೇರೆ ಉತ್ತರ ಬರುತ್ತದೆ, ಆದ್ದರಿಂದ ಯಾವುದನ್ನು ಮಾಡಿದಿರಿ ಎಂದು ಬರೆದಿಡಬೇಕು. ಎರಡನೆಯದು ಫ್ರೀಸರ್ಫರ್‌ನ ದಾರಿ: ಅಂಚಿನ ವಾಕ್ಸೆಲ್‌ಗಳ ಹೊಳಪನ್ನು ನೋಡಿ, ಪಕ್ಕದ ಎರಡು ಭಾಗಗಳಿಗೆ ಅದನ್ನು ಪಾಲು ಮಾಡುವುದು. ಅದರ ಅಂಕಿ-ಅಂಶದ ಕಡತದಲ್ಲಿ ವಾಕ್ಸೆಲ್ ಸಂಖ್ಯೆಯ ಕಂಬ ಮತ್ತು ಘನಫಲದ ಕಂಬ, ವಾಕ್ಸೆಲ್ ಸರಿಯಾಗಿ 1 ಘನ ಮಿ.ಮೀ. ಇದ್ದರೂ, ಹೊಂದದಿರುವುದಕ್ಕೆ ಕಾರಣ ಇದೇ. ಹೊಸಬರು ಇದನ್ನು ದೋಷವೆಂದು ತಿಳಿದು ಗಾಬರಿಯಾಗುವುದುಂಟು. ಗಾಬರಿಯಾಗಬೇಕಾದದ್ದು, ಒಬ್ಬರಿಗೆ ಒಂದು ಕಂಬದಿಂದಲೂ ಇನ್ನೊಬ್ಬರಿಗೆ ಇನ್ನೊಂದು ಕಂಬದಿಂದಲೂ ಸಂಖ್ಯೆ ತೆಗೆದಾಗ ಮಾತ್ರ.

ಹಿಪೊಕ್ಯಾಂಪಸ್‌ನ ಒಳಭಾಗಗಳನ್ನೂ 1 ಮಿ.ಮೀ. ಟಿ1 ಸ್ಕ್ಯಾನಿನಿಂದ ಅಳೆಯುವ ಆಸೆ ಹಲವರಿಗಿದೆ. ಸಾಫ್ಟ್‌ವೇರ್ ಸಂಖ್ಯೆ ಕೊಡುತ್ತದೆ ನಿಜ. ಆದರೆ ಆ ಒಳಗಿನ ಗಡಿಗಳು ಅಂಥ ಸ್ಕ್ಯಾನಿನಲ್ಲಿ ಕಾಣುವುದೇ ಇಲ್ಲ. ಬಂದ ಸಂಖ್ಯೆಯಲ್ಲಿ ಈ ವ್ಯಕ್ತಿಯ ಮೆದುಳಿಗಿಂತ ಅಟ್ಲಾಸ್‌ನ ಪಾಲೇ ದೊಡ್ಡದು. ಸೂಕ್ಷ್ಮ ಅಳತೆಯ ಟಿ2 ಸ್ಕ್ಯಾನ್ ಇಲ್ಲದಿದ್ದರೆ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಮರುಮಾದರಿಯ ಬಲೆ

ಲೇಬಲ್ ಚಿತ್ರವನ್ನು ಬೇರೆ ಸ್ಕ್ಯಾನಿನ ಜಾಲಕ್ಕೆ ಹೊಂದಿಸಬೇಕಾದಾಗ ಹೊಸ ವಾಕ್ಸೆಲ್‌ನ ಬೆಲೆಯನ್ನು ಅಕ್ಕಪಕ್ಕದ ಹಳೆಯ ಬೆಲೆಗಳಿಂದ ಪಡೆಯಬೇಕಾಗುತ್ತದೆ. ಮಾಮೂಲಿ ಚಿತ್ರಕ್ಕೆ ಸರಾಸರಿ ತೆಗೆಯುವುದು ಸರಿ. ಲೇಬಲ್‌ಗೆ ಅದು ಅನರ್ಥ. ಎಡ ಪಾರ್ಶ್ವ ವೆಂಟ್ರಿಕಲ್‌ನ 4 ಮತ್ತು ಅದಕ್ಕೆ ತಾಗಿಕೊಂಡಿರುವ ಎಡ ಥಲಾಮಸ್‌ನ 10, ಈ ಎರಡರ ಸರಾಸರಿ 7. ಫ್ರೀಸರ್ಫರ್ ಪಟ್ಟಿಯಲ್ಲಿ 7 ಎಂದರೆ ಎಡ ಕಿರುಮೆದುಳಿನ ಬಿಳಿ ಭಾಗ. ಹೀಗೆ ಮೆದುಳಿನ ನಟ್ಟನಡುವೆ ಕಿರುಮೆದುಳಿನ ತುಣುಕುಗಳು ಹುಟ್ಟಿಕೊಂಡು, ಅದರ ಘನಫಲ ಯಾರ ಗಮನಕ್ಕೂ ಬಾರದೆ ಏರುತ್ತದೆ. ಆದ್ದರಿಂದ ಲೇಬಲ್ ಚಿತ್ರಕ್ಕೆ ಯಾವಾಗಲೂ ‘ಅತಿ ಹತ್ತಿರದ ನೆರೆ’ ವಿಧಾನವನ್ನೇ ಆರಿಸಬೇಕು. ಅಥವಾ ಪ್ರತಿಯೊಂದು ಲೇಬಲ್ಲನ್ನೂ ಬಿಡಿಬಿಡಿಯಾಗಿ 0-1 ಚಿತ್ರವಾಗಿಸಿ, ಸರಾಸರಿ ವಿಧಾನದಿಂದ ಹೊಂದಿಸಿ, ಕೊನೆಗೆ ಹೆಚ್ಚು ಬೆಲೆ ಬಂದ ಲೇಬಲ್ಲನ್ನು ಉಳಿಸಿಕೊಳ್ಳಬೇಕು.

ಇದಕ್ಕಿಂತ ದೊಡ್ಡ ತಪ್ಪು, ಎಲ್ಲರ ಮೆದುಳನ್ನೂ ಒಂದೇ ಮಾದರಿ ಮೆದುಳಿಗೆ ಹಿಗ್ಗಿಸಿ ಕುಗ್ಗಿಸಿ ಹೊಂದಿಸಿದ ಮೇಲೆ, ಆ ಮಾದರಿಯ ಜಾಗದಲ್ಲಿ ಎಣಿಸುವುದು. ಹೊಂದಾಣಿಕೆ ಚೆನ್ನಾಗಿದ್ದಷ್ಟೂ ಎಲ್ಲರ ಹಿಪೊಕ್ಯಾಂಪಸ್ ಒಂದೇ ಅಳತೆಗೆ ಬಂದಿರುತ್ತದೆ, ಅಳೆಯಲು ಉಳಿದದ್ದೇನು? ಘನಫಲವನ್ನು ಆಯಾ ವ್ಯಕ್ತಿಯ ಮೂಲ ಸ್ಕ್ಯಾನಿನ ಜಾಗದಲ್ಲೇ ಎಣಿಸಬೇಕು. ಮಾದರಿಯ ಜಾಗದಲ್ಲೇ ಕೆಲಸ ಮಾಡಬೇಕಾದ ಅನಿವಾರ್ಯ ಇದ್ದರೆ, ಎಷ್ಟು ಹಿಗ್ಗಿದೆ ಎಷ್ಟು ಕುಗ್ಗಿದೆ ಎಂಬುದನ್ನು ಹೇಳುವ ಜಕೋಬಿಯನ್ ಬೆಲೆಯಿಂದ ಗುಣಿಸಿದ ಚಿತ್ರಗಳನ್ನು ಬಳಸಬೇಕು.

ಗುಣಮಟ್ಟದ ತಪಾಸಣೆ

ಲೇಬಲ್‌ಗಳನ್ನು ಬಣ್ಣದ ಗೆರೆಗಳಾಗಿ ಮೂಲ ಸ್ಕ್ಯಾನಿನ ಮೇಲೆ ಹಾಸಿ, ಮೂರು ದಿಕ್ಕಿನ ನೋಟಗಳಲ್ಲೂ ಪರಿಶೀಲಿಸಿ. ತುಂಬಿದ ಬಣ್ಣಕ್ಕಿಂತ ಹೊರಗೆರೆ ಉತ್ತಮ, ಏಕೆಂದರೆ ಗೆರೆಯ ಆಚೀಚೆ ಏನಿದೆ ಎಂಬುದು ಕಾಣುತ್ತದೆ. ಕಾರ್ಟೆಕ್ಸ್‌ನ (ಮೆದುಳಿನ ಹೊರಪದರದ) ಲೇಬಲ್ ಹೊರಗಿನ ಗಟ್ಟಿ ಪೊರೆಯನ್ನು ನುಂಗಿದೆಯೇ, ಹಿಪೊಕ್ಯಾಂಪಸ್ ಮುಂಭಾಗದಲ್ಲಿ ಅಮಿಗ್ಡಲಾದೊಳಗೆ ಹರಿದಿದೆಯೇ, ಪಕ್ಕದ ವೆಂಟ್ರಿಕಲ್‌ನಲ್ಲಿರುವ ಕೊರಾಯ್ಡ್ ಜಾಲವನ್ನು ಸೇರಿಸಿಕೊಂಡಿದೆಯೇ, ತುಂಬ ಹಿಗ್ಗಿದ ವೆಂಟ್ರಿಕಲ್‌ಗಳಲ್ಲಿ ಒಂದಷ್ಟು ದ್ರವ ಬಿಳಿ ಭಾಗವೆಂದು ಗುರುತಾಗಿದೆಯೇ ಎಂದು ನೋಡಬೇಕು. ಗಡ್ಡೆ, ಹಳೆಯ ಪಾರ್ಶ್ವವಾಯುವಿನ ಗುರುತು ಅಥವಾ ಶಸ್ತ್ರಚಿಕಿತ್ಸೆಯ ಕುಳಿ ಇರುವ ಮೆದುಳುಗಳಲ್ಲಿ ಸಾಫ್ಟ್‌ವೇರ್‌ನ ಊಹೆಗಳೆಲ್ಲ ಬುಡಮೇಲಾಗುತ್ತವೆ. ಅವನ್ನು ಒಂದೊಂದಾಗಿಯೇ ನೋಡಬೇಕು. ನೂರಾರು ಸ್ಕ್ಯಾನ್‌ಗಳಿದ್ದರೆ ಮೊದಲು ಅಂಕಿಗಳನ್ನು ಸಾಲಾಗಿ ಜೋಡಿಸಿ, ಎರಡೂ ತುದಿಯಲ್ಲಿರುವವನ್ನು ಮತ್ತು ಎಡ-ಬಲದ ಅಂತರ ವಿಪರೀತವಾಗಿರುವವನ್ನು ಮೊದಲು ತೆರೆಯಿರಿ. ಒಂದು ಲೇಬಲ್ ಎಷ್ಟು ಬಿಡಿ ತುಂಡುಗಳಾಗಿದೆ ಎಂದು ಎಣಿಸುವುದೂ ಅಗ್ಗದ, ಉಪಯುಕ್ತ ಪರೀಕ್ಷೆ: ಹಿಪೊಕ್ಯಾಂಪಸ್ ಒಂದೇ ತುಂಡಾಗಿರಬೇಕು.

ಸೆಗ್ಮೆಂಟೇಶನ್‌ಗಳ ಹೊಂದಾಣಿಕೆಯನ್ನು ಹೇಳಲು ಡೈಸ್ ಗುಣಾಂಕವನ್ನು ಬಳಸುತ್ತಾರೆ. ಎರಡರ ಸಾಮಾನ್ಯ ಭಾಗದ ಎರಡರಷ್ಟನ್ನು ಎರಡರ ಮೊತ್ತದಿಂದ ಭಾಗಿಸಿದರೆ ಬರುವ ಬೆಲೆ ಅದು. ಘನಫಲದ ಕೆಲಸದಲ್ಲಿ ಇದನ್ನು ಹೆಚ್ಚು ನಂಬಬೇಡಿ. 3000 ವಾಕ್ಸೆಲ್‌ಗಳ ಒಂದು ಲೇಬಲ್ ಪೂರ್ತಿಯಾಗಿ 3300 ವಾಕ್ಸೆಲ್‌ಗಳ ಇನ್ನೊಂದರ ಒಳಗೆ ಕೂತಿದ್ದರೆ ಡೈಸ್ 0.95 ಬರುತ್ತದೆ. ಯಾರಿಗಾದರೂ ತೃಪ್ತಿ ಕೊಡುವ ಸಂಖ್ಯೆ, ಆದರೆ ಘನಫಲದಲ್ಲಿ ಶೇಕಡ 10ರ ವ್ಯತ್ಯಾಸ ಅದರೊಳಗೆ ಅಡಗಿದೆ. ತಿರುಗಿಸಿ ನೋಡಿದರೆ, ಘನಫಲ ಕರಾರುವಾಕ್ಕಾಗಿ ಒಂದೇ ಇದ್ದು, ಎರಡು ಲೇಬಲ್‌ಗಳು ಒಂದನ್ನೊಂದು ಮುಟ್ಟದೆಯೂ ಇರಬಹುದು. ಎರಡೂ ಅಳತೆಗಳನ್ನು ಒಟ್ಟಿಗೆ ವರದಿ ಮಾಡಬೇಕು.

ಕೈಯಿಂದ ಗೆರೆ ಎಳೆಯುವುದಾದರೆ ಗಡಿಯ ನಿಯಮವನ್ನು ಮೊದಲೇ ಲಿಖಿತವಾಗಿ ಆರಿಸಿಕೊಳ್ಳಬೇಕು. ಹಿಪೊಕ್ಯಾಂಪಸ್‌ನ ಬಾಲ ಎಲ್ಲಿ ಮುಗಿಯುತ್ತದೆ ಎಂಬಂಥ ಪ್ರಶ್ನೆಗಳಿಗೆ ಪ್ರಯೋಗಾಲಯಕ್ಕೊಂದು ಉತ್ತರ ಇದ್ದುದರಿಂದ, ಯುರೋಪಿನ ಆಲ್ಝೈಮರ್ ಒಕ್ಕೂಟ ಮತ್ತು 2004ರಲ್ಲಿ ಆರಂಭವಾದ ಅಮೆರಿಕದ ಎಡಿಎನ್‌ಐ (ಆಲ್ಝೈಮರ್ ಮೆದುಳು-ಚಿತ್ರಣ) ಯೋಜನೆ ಸೇರಿ ಒಂದು ಸಮನ್ವಿತ ನಿಯಮಾವಳಿಯನ್ನು ರೂಪಿಸಿದವು. ಅದನ್ನು ಅನುಸರಿಸಿದರೆ ನಿಮ್ಮ ಸಂಖ್ಯೆಗಳನ್ನು ಬೇರೆಯವರು ಅರ್ಥ ಮಾಡಿಕೊಳ್ಳಬಲ್ಲರು. ಗೆರೆ ಎಳೆಯುವವರಿಗೆ ವ್ಯಕ್ತಿ ಯಾವ ಗುಂಪಿಗೆ ಸೇರಿದವರು ಎಂಬುದು ತಿಳಿದಿರಬಾರದು. ಕೆಲವು ಸ್ಕ್ಯಾನ್‌ಗಳನ್ನು ಅದೇ ವ್ಯಕ್ತಿ ಕೆಲವು ವಾರಗಳ ನಂತರ ಮತ್ತೆ ಎಳೆಯಬೇಕು, ಇನ್ನೊಬ್ಬರೂ ಎಳೆಯಬೇಕು.

ತಲೆಯ ಗಾತ್ರಕ್ಕೆ ಹೊಂದಿಸುವುದು

ದೊಡ್ಡ ತಲೆಯವರ ಮೆದುಳಿನ ಭಾಗಗಳೂ ದೊಡ್ಡವಿರುತ್ತವೆ. ಗಂಡಸರ ಮತ್ತು ಹೆಂಗಸರ ಸರಾಸರಿ ತಲೆಯ ಗಾತ್ರ ಬೇರೆ ಇರುವುದರಿಂದ, ಈ ಹೊಂದಾಣಿಕೆ ಇಲ್ಲದ ಹೋಲಿಕೆ ಬಹುಪಾಲು ತಲೆಯ ಗಾತ್ರದ ಹೋಲಿಕೆಯೇ ಆಗುತ್ತದೆ. ಬುರುಡೆಯೊಳಗಿನ ಒಟ್ಟು ಘನಫಲವನ್ನು ಆಧಾರವಾಗಿ ಹಿಡಿಯುವುದಕ್ಕೆ ಕಾರಣ, ಮೆದುಳು ಮುಪ್ಪಿನಲ್ಲಿ ಕುಗ್ಗಿದರೂ ಬುರುಡೆ ಕುಗ್ಗುವುದಿಲ್ಲ. ಮೆದುಳಿನ ಘನಫಲವನ್ನೇ ಆಧಾರವಾಗಿ ಹಿಡಿದರೆ, ಕಾಯಿಲೆಯಿಂದ ಎರಡೂ ಕುಗ್ಗಿರುವಾಗ ಕುಗ್ಗುವಿಕೆಯೇ ಕಣ್ಮರೆಯಾಗಬಹುದು.

ಸರಳ ವಿಧಾನ ಅನುಪಾತ: ಭಾಗದ ಘನಫಲವನ್ನು ಬುರುಡೆಯೊಳಗಿನ ಘನಫಲದಿಂದ ಭಾಗಿಸುವುದು. ಆದರೆ ತಲೆ ಶೇಕಡ 10 ದೊಡ್ಡದಾದರೆ ಹಿಪೊಕ್ಯಾಂಪಸ್ ಕೂಡ ಶೇಕಡ 10 ದೊಡ್ಡದಾಗುತ್ತದೆ ಎಂಬ ಊಹೆ ಅದರಲ್ಲಿದೆ; ವಾಸ್ತವದಲ್ಲಿ ಅಷ್ಟು ಏರುವುದಿಲ್ಲ. ಹೀಗಾಗಿ ದೊಡ್ಡ ತಲೆಯವರಿಗೆ ಅನುಪಾತ ಅನ್ಯಾಯ ಮಾಡುತ್ತದೆ. ಶೇಷ ವಿಧಾನದಲ್ಲಿ ಆರೋಗ್ಯವಂತರ ಗುಂಪಿನಲ್ಲಿ ಬುರುಡೆಯ ಘನಫಲ ಒಂದು ಮಿ.ಲೀ. ಏರಿದರೆ ಭಾಗ ಎಷ್ಟು ಏರುತ್ತದೆ ಎಂಬ ಇಳಿಜಾರನ್ನು ಮೊದಲು ಕಂಡುಕೊಂಡು, ಪ್ರತಿಯೊಬ್ಬರ ಅಳತೆಯಿಂದ ಅಷ್ಟು ಪಾಲನ್ನು ಕಳೆಯುತ್ತಾರೆ. ವಿಧಾನವನ್ನು ತೋರಿಸಲಷ್ಟೇ ಒಂದು ಲೆಕ್ಕ: ಗುಂಪಿನ ಸರಾಸರಿ ಬುರುಡೆ 1450 ಮಿ.ಲೀ., ಈ ವ್ಯಕ್ತಿಯದು 1600, ಇಳಿಜಾರು ಪ್ರತಿ ಮಿ.ಲೀ.ಗೆ 1.5 ಘನ ಮಿ.ಮೀ., ಅಳೆದ ಹಿಪೊಕ್ಯಾಂಪಸ್ 3500 ಎಂದಿಟ್ಟುಕೊಳ್ಳಿ. ಶೇಷ ವಿಧಾನದಲ್ಲಿ 3500ರಿಂದ 225 ಕಳೆದು 3275 ಬರುತ್ತದೆ. ಅನುಪಾತದಿಂದ ಅದೇ ಸರಾಸರಿ ತಲೆಗೆ ಹೊಂದಿಸಿದರೆ ಸುಮಾರು 3172 ಬರುತ್ತದೆ. ಒಬ್ಬನೇ ವ್ಯಕ್ತಿ, ಒಂದೇ ಸ್ಕ್ಯಾನ್, ನೂರು ಘನ ಮಿಲಿಮೀಟರ್ ಅಂತರ. ವೆಂಟ್ರಿಕಲ್‌ಗಳ ಘನಫಲ ವ್ಯಕ್ತಿಯಿಂದ ವ್ಯಕ್ತಿಗೆ ಹಲವು ಪಟ್ಟು ಬದಲಾಗುವುದರಿಂದ ಅವುಗಳಿಗೆ ಮೊದಲು ಲಾಗರಿದಮ್ ತೆಗೆದು ನಂತರ ಇಂಥ ವಿಶ್ಲೇಷಣೆ ಮಾಡುವುದು ವಾಸಿ.

ಫ್ರೀಸರ್ಫರ್ ಕೊಡುವ ಬುರುಡೆಯೊಳಗಿನ ಘನಫಲ ಎಣಿಕೆಯಿಂದ ಬಂದದ್ದಲ್ಲ ಎಂಬುದೂ ತಿಳಿದಿರಲಿ. ತಲೆಯನ್ನು ಮಾದರಿಗೆ ಹೊಂದಿಸಲು ಎಷ್ಟು ಹಿಗ್ಗಿಸಬೇಕಾಯಿತು ಎಂಬುದರಿಂದ ಅದನ್ನು ಅಂದಾಜಿಸಲಾಗುತ್ತದೆ. ಆದ್ದರಿಂದ ಆ ಹೊಂದಾಣಿಕೆ ಕೆಟ್ಟಿದ್ದರೆ, ಮಿಕ್ಕೆಲ್ಲ ಲೇಬಲ್‌ಗಳು ಸರಿಯಾಗಿದ್ದರೂ, ಈ ಒಂದು ಸಂಖ್ಯೆ ದಾರಿ ತಪ್ಪಿರುತ್ತದೆ.

ಕಾಲಾಂತರದ ಬದಲಾವಣೆ

ಒಬ್ಬರನ್ನೇ ಎರಡು ಸಲ ಸ್ಕ್ಯಾನ್ ಮಾಡಿ ಬದಲಾವಣೆ ಅಳೆಯುವಾಗ ನಿರೀಕ್ಷಿತ ಅಂತರವೇ ಚಿಕ್ಕದು. ಆರೋಗ್ಯವಂತ ವೃದ್ಧರಲ್ಲಿ ಹಿಪೊಕ್ಯಾಂಪಸ್ ವರ್ಷಕ್ಕೆ ಸುಮಾರು ಶೇಕಡ 1ರಿಂದ 1.5, ಆಲ್ಝೈಮರ್ ಇರುವವರಲ್ಲಿ ಸುಮಾರು ಶೇಕಡ 4ರಿಂದ 5 ಕುಗ್ಗುತ್ತದೆ. ಹಾಗಾಗಿ ಎರಡು ಸ್ಕ್ಯಾನ್‌ಗಳನ್ನು ಬೇರೆ ಬೇರೆಯಾಗಿ ಸೆಗ್ಮೆಂಟ್ ಮಾಡಿ ಕಳೆಯುವುದಕ್ಕಿಂತ, ಎರಡರಿಂದಲೂ ಆ ವ್ಯಕ್ತಿಯದೇ ಒಂದು ನಡುಮಾದರಿಯನ್ನು ಕಟ್ಟಿ, ಅಲ್ಲಿಂದ ಎರಡನ್ನೂ ಸಮಾನವಾಗಿ ಸಂಸ್ಕರಿಸುವ ವಿಧಾನವನ್ನು ಬಳಸಬೇಕು. ಎರಡನೆಯ ಸ್ಕ್ಯಾನನ್ನು ಮೊದಲನೆಯದಕ್ಕೆ ಹೊಂದಿಸಿದರೆ ಎರಡನೆಯದು ಮಾತ್ರ ಮರುಮಾದರಿಯಿಂದ ಮಸುಕಾಗುತ್ತದೆ, ಆ ಮಸುಕು ಕುಗ್ಗುವಿಕೆಯಂತೆ ತೋರಬಹುದು.

ವಾರ್ಷಿಕ ಲೆಕ್ಕ ಹೀಗೆ: 3400 ಇದ್ದದ್ದು 16 ತಿಂಗಳಲ್ಲಿ 3264 ಆದರೆ ಇಳಿಕೆ ಶೇಕಡ 4, ಅದನ್ನು 12ರಿಂದ ಗುಣಿಸಿ 16ರಿಂದ ಭಾಗಿಸಿದರೆ ವರ್ಷಕ್ಕೆ ಶೇಕಡ 3. ಈ ಅವಧಿಯಲ್ಲಿ ಯಂತ್ರ ಬದಲಾಗಿದ್ದರೆ, ಅದರ ಸಾಫ್ಟ್‌ವೇರ್ ನವೀಕರಣವಾಗಿದ್ದರೆ, ಕಾಯಿಲ್ ಬೇರೆಯಾಗಿದ್ದರೆ, ಗ್ರೇಡಿಯಂಟ್‌ನ (ಯಂತ್ರದ ಕಾಂತಕ್ಷೇತ್ರದ ಇಳಿಜಾರಿನ) ವಕ್ರತೆಯ ತಿದ್ದುಪಡಿ ಒಂದು ಸಲ ಇದ್ದು ಇನ್ನೊಂದು ಸಲ ಇಲ್ಲದಿದ್ದರೆ ಆ ಶೇಕಡ 3ಕ್ಕೆ ಅರ್ಥವಿಲ್ಲ. ದೇಹದ ನೀರಿನ ಪ್ರಮಾಣವೂ ಮೆದುಳಿನ ಘನಫಲವನ್ನು ಅಳೆಯುವಷ್ಟು ಬದಲಿಸುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಉರಿಯೂತ ತಗ್ಗಿಸುವ ಚಿಕಿತ್ಸೆ ಆರಂಭಿಸಿದ ಮೊದಲ ತಿಂಗಳುಗಳಲ್ಲಿ ಕಾಣುವ ಇಳಿಕೆಯ ಒಂದು ಪಾಲು ಊತ ಇಳಿದದ್ದೇ ಹೊರತು ಜೀವಕೋಶಗಳ ನಷ್ಟವಲ್ಲ.

ಪಟ್ಟಿಯಲ್ಲಿ ಏನೇನು ಇರಬೇಕು

ಪ್ರತಿ ಸಾಲಿನಲ್ಲಿ ವ್ಯಕ್ತಿಯ ಗುಪ್ತಸಂಖ್ಯೆ, ಸ್ಕ್ಯಾನ್ ದಿನಾಂಕ, ಯಂತ್ರ, ವಾಕ್ಸೆಲ್ ಅಳತೆ, ಸಾಫ್ಟ್‌ವೇರ್‌ನ ಹೆಸರು ಮತ್ತು ಆವೃತ್ತಿ, ಎಡ-ಬಲದ ಪ್ರತ್ಯೇಕ ಘನಫಲ, ಬುರುಡೆಯೊಳಗಿನ ಘನಫಲ ಮತ್ತು ತಪಾಸಣೆಯ ತೀರ್ಪು ಇರಲಿ. ಆವೃತ್ತಿಯ ಮಾತು ಔಪಚಾರಿಕತೆಯಲ್ಲ: ಫ್ರೀಸರ್ಫರ್‌ನ ಆವೃತ್ತಿ, ಕಂಪ್ಯೂಟರ್ ಮತ್ತು ಆಪರೇಟಿಂಗ್ ಸಿಸ್ಟಂ ಬದಲಾದರೆ ಅದೇ ಸ್ಕ್ಯಾನಿನಿಂದ ಬೇರೆ ಘನಫಲ ಬರುತ್ತದೆಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಆದ್ದರಿಂದ ಅಧ್ಯಯನದ ನಡುವೆ ಸಾಫ್ಟ್‌ವೇರ್ ನವೀಕರಿಸಿದರೆ ಹಳೆಯ ಸ್ಕ್ಯಾನ್‌ಗಳನ್ನೂ ಮೊದಲಿನಿಂದ ಓಡಿಸಬೇಕು. ಒಂದು ಉಪಕರಣದಿಂದ ಬಂದ ಸಂಖ್ಯೆಯನ್ನು ಇನ್ನೊಂದು ಉಪಕರಣದಿಂದ ಸಿದ್ಧಪಡಿಸಿದ ವಯೋಮಾನದ ಪಟ್ಟಿಯೊಂದಿಗೆ ಹೋಲಿಸುವಂತಿಲ್ಲ.

ಎಡ-ಬಲದ ಅಂತರವನ್ನು ಹೇಳುವಾಗ, ಎಡದಿಂದ ಬಲವನ್ನು ಕಳೆದು ಎರಡರ ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸುವುದು ರೂಢಿ. ಆರೋಗ್ಯವಂತರಲ್ಲೂ ಬಲ ಹಿಪೊಕ್ಯಾಂಪಸ್ ಸರಾಸರಿಯಲ್ಲಿ ಸ್ವಲ್ಪ ದೊಡ್ಡದಿರುತ್ತದೆ ಎಂಬುದನ್ನು ಮರೆಯಬಾರದು. ಕೈಯಿಂದ ತಿದ್ದಿದ ಲೇಬಲ್‌ಗಳಿದ್ದರೆ ತಿದ್ದುವ ಮೊದಲಿನ ಕಡತವನ್ನೂ ಉಳಿಸಿ, ಎರಡೂ ಘನಫಲಗಳನ್ನು ಬೇರೆ ಬೇರೆ ಕಂಬಗಳಲ್ಲಿ ಬರೆಯಿರಿ. ತಪಾಸಣೆಯಲ್ಲಿ ವಿಫಲವಾದ ಭಾಗದ ಜಾಗವನ್ನು ಖಾಲಿ ಬಿಡಿ, 0 ಎಂದು ತುಂಬಬೇಡಿ; 0 ಎಂದರೆ ಅಳೆದು ನೋಡಿದೆವು, ಆ ಭಾಗವೇ ಇರಲಿಲ್ಲ ಎಂದಾಗುತ್ತದೆ, ಮತ್ತು ಸರಾಸರಿ ತೆಗೆಯುವ ಪ್ರೋಗ್ರಾಂ ಅದನ್ನು ಹಾಗೆಯೇ ನಂಬಿ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ.